ಬಣ್ಣ ಬದಲಾದರೆ ಸಾಲದು, ದಾಖಲೆಯೂ ಬದಲಾಗಲಿ

ನಮ್ಮ ನಗರಗಳಲ್ಲಿ ವ್ಯಾನ್‌ನಷ್ಟು ವೇಷ ಬದಲಿಸುವ ವಾಹನ ಬೇರೊಂದಿಲ್ಲ. ಒಂದು ಕುಟುಂಬದ ಓಡಾಟಕ್ಕೆಂದು ಖರೀದಿಯಾದ ಬಿಳಿ ವ್ಯಾನ್ ಐದಾರು ವರ್ಷಗಳ ಬಳಿಕ ಅಡುಗೆ ಗುತ್ತಿಗೆದಾರರ ಪಾತ್ರೆ ಪಡಗಗಳನ್ನು ಸಾಗಿಸುತ್ತದೆ. ಅಲ್ಲಿಂದ ಕೈ ಬದಲಾಗಿ ಶಾಲಾ ಮಕ್ಕಳನ್ನು ಹೊರುತ್ತದೆ. ಕೊನೆಗೆ ಹೂವು, ತರಕಾರಿ, ನೀರಿನ ಕ್ಯಾನುಗಳ ಪಾಲಾಗುತ್ತದೆ. ಪ್ರತಿಯೊಂದು ಜನ್ಮಕ್ಕೂ ಒಂದೊಂದು ಬಣ್ಣ. ಗ್ಯಾರೇಜಿನಲ್ಲಿ ಆಗ ಚರ್ಚೆಯಾಗುವ ಸಂಗತಿಗಳು ಎರಡೇ: ಯಾವ ಬಣ್ಣ, ಎಷ್ಟು ಖರ್ಚು. ನೋಂದಣಿ ಪತ್ರದಲ್ಲಿ ಯಾವ ಬಣ್ಣ ನಮೂದಾಗಿದೆ ಎಂಬ ಮೂರನೆಯ ಪ್ರಶ್ನೆಯನ್ನು ಬಣ್ಣ ಹೊಡೆಯುವವರೂ ಕೇಳುವುದಿಲ್ಲ, ಹೊಡೆಸುವವರೂ ಎತ್ತುವುದಿಲ್ಲ. ಆ ಪ್ರಶ್ನೆ ಏಳುವುದು ಅಪಘಾತವೋ ಕಳವೋ ಸಂಭವಿಸಿ, ಪೊಲೀಸರು ಮತ್ತು ವಿಮಾ ಕಂಪನಿಯ ಸಮೀಕ್ಷಕರು ದಾಖಲೆಗಳನ್ನು ಮುಂದಿಟ್ಟುಕೊಂಡು ಕುಳಿತಾಗ. ಅಷ್ಟು ಹೊತ್ತಿಗೆ ಕಾಲ ಮಿಂಚಿರುತ್ತದೆ.

ವಾಹನದ ಬಣ್ಣ ಮಾಲೀಕನ ಅಭಿರುಚಿಗೆ ಮಾತ್ರ ಸಂಬಂಧಿಸಿದ ವಿಚಾರ ಎಂಬ ತಿಳಿವಳಿಕೆ ವಿದ್ಯಾವಂತರಲ್ಲೂ ಇದೆ. ಇದಕ್ಕೆ ಎದುರಾದ ಇನ್ನೊಂದು ಭಯವೂ ಇದೆ: ಬಣ್ಣ ಬದಲಿಸಿದರೆ ವಿಮೆಯೇ ರದ್ದಾಗುತ್ತದೆ ಎಂಬುದು. ಎರಡೂ ಅರ್ಧಸತ್ಯಗಳು. ಈ ಎರಡು ಅರ್ಧಸತ್ಯಗಳ ನಡುವೆ ಸಿಕ್ಕಿ ನರಳುವವರು ಹೆಚ್ಚಾಗಿ ಹಳೆಯ ವ್ಯಾನ್ ಒಂದನ್ನು ಸಾಲದ ಮೇಲೆ ಕೊಂಡು ಜೀವನ ಸಾಗಿಸುವ ಸಣ್ಣ ಮನುಷ್ಯರು. ಆದ್ದರಿಂದ ಕಾನೂನು ಏನು ಹೇಳುತ್ತದೆ, ವಿಮೆ ಏನನ್ನು ನೋಡುತ್ತದೆ, ಸರ್ಕಾರ ಏನನ್ನು ಸರಿಪಡಿಸಬೇಕು ಎಂಬುದನ್ನು ಸಾವಧಾನವಾಗಿ ಪರಿಶೀಲಿಸುವ ಅಗತ್ಯವಿದೆ.

ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ವಾಹನಗಳ ಮಾರ್ಪಾಡಿಗೆ ಸಂಬಂಧಿಸಿದ್ದು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಕೂಡದು ಎಂಬುದು ಅದರ ಮೊದಲ ಮಾತು. ನೋಂದಣಿಗೆ ಸಲ್ಲಿಸುವ ಅರ್ಜಿಯಲ್ಲಿ ವಾಹನದ ಬಣ್ಣಕ್ಕೆಂದೇ ಒಂದು ಅಂಕಣವಿದೆ. ನೋಂದಣಿ ಪತ್ರದಲ್ಲೂ ಬಣ್ಣ ನಮೂದಾಗುತ್ತದೆ. ಇಷ್ಟನ್ನೇ ಓದಿದರೆ ಬಣ್ಣದ ಬದಲಾವಣೆಯೂ ನಿಷಿದ್ಧ ಎನಿಸಬಹುದು. ಆದರೆ ಅದೇ ಸೆಕ್ಷನ್ನಿನ ಕೊನೆಯಲ್ಲಿರುವ ವಿವರಣೆ ಬೇರೆ ಮಾತು ಹೇಳುತ್ತದೆ. ವಾಹನದ ಮೂಲ ಲಕ್ಷಣವನ್ನೇ ಬದಲಿಸುವಂಥ ರಚನೆಯ ಬದಲಾವಣೆ ಮಾತ್ರ ಮಾರ್ಪಾಡು ಎನಿಸಿಕೊಳ್ಳುತ್ತದೆ ಎಂದು ಅದು ಸ್ಪಷ್ಟಪಡಿಸುತ್ತದೆ. ಬಣ್ಣದಿಂದ ರಚನೆ ಬದಲಾಗುವುದಿಲ್ಲ. ಹಾಗಾದರೆ ಬಿಳಿಯ ವ್ಯಾನನ್ನು ನೀಲಿ ಮಾಡಿದವನು ತಪ್ಪಿತಸ್ಥನೇ, ಅಲ್ಲವೇ?

ನ್ಯಾಯಯುತವಾದ ಉತ್ತರ ಇಷ್ಟು: ಬಣ್ಣ ಬದಲಿಸುವುದೇ ಅಪರಾಧವಲ್ಲ, ಬದಲಾದ ಬಣ್ಣ ದಾಖಲೆಯಲ್ಲಿ ಕಾಣದಿರುವುದು ದೋಷ. ನೋಂದಣಿ ಪತ್ರದಲ್ಲಿ ಒಂದು, ರಸ್ತೆಯ ಮೇಲೆ ಇನ್ನೊಂದು ಇದ್ದರೆ ಆ ಪತ್ರ ವಾಹನವನ್ನು ಗುರುತಿಸುವ ತನ್ನ ಕೆಲಸವನ್ನು ಮಾಡಲಾರದು. ಸಾರಿಗೆ ಇಲಾಖೆಯ ರೂಢಿಯೂ ಇದನ್ನೇ ಹೇಳುತ್ತದೆ. ಮಾಲೀಕ ಅರ್ಜಿ ಸಲ್ಲಿಸಿ, ಶುಲ್ಕ ಕಟ್ಟಿ, ವಾಹನವನ್ನು ತಪಾಸಣೆಗೆ ಒಡ್ಡಿ, ನೋಂದಣಿ ಪತ್ರದಲ್ಲಿ ಹೊಸ ಬಣ್ಣವನ್ನು ನಮೂದಿಸಿಕೊಳ್ಳಬೇಕು. ಅನುಮತಿ ಪಡೆದು ಮಾಡಿದ ಮಾರ್ಪಾಡನ್ನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕೆಂದು ಕಾಯ್ದೆ ವಿಧಿಸುತ್ತದೆ. ಬಣ್ಣದ ವಿಷಯದಲ್ಲೂ ಆ ಗಡುವನ್ನೇ ಪಾಲಿಸುವುದು ಜಾಣತನ.

ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ನೀಡಿದ ತೀರ್ಪನ್ನು ಇಲ್ಲಿ ನೆನೆಯಬೇಕು. ನಿಯಮಗಳಿಗೆ ವಿರುದ್ಧವಾಗದಂತೆ ವಾಹನದ ರಚನೆಯನ್ನು ಬದಲಿಸಬಹುದು ಎಂದು ಅಲ್ಲಿನ ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕಾಯ್ದೆಯೇ ಮೇಲು, ನಿಯಮಗಳು ಅದಕ್ಕೆ ಅಧೀನ. ತಯಾರಕರ ಮೂಲ ವಿವರಗಳಿಗೆ ಭಿನ್ನವಾದ ಮಾರ್ಪಾಡು ಸಲ್ಲದು ಎಂದು ಅದು ತೀರ್ಮಾನಿಸಿತು. ಅದೇ ವರ್ಷ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದಾದ 182ಎ ಸೆಕ್ಷನ್ನನ್ನು ಸೇರಿಸಿತು. ಬಣ್ಣ ಬದಲಿಸುವ ನೆಪದಲ್ಲಿ ಆಸನಗಳನ್ನು ಹೆಚ್ಚಿಸುವುದು, ಚಾವಣಿಯನ್ನು ಎತ್ತರಿಸುವುದು, ಹಿಂಬದಿಯ ಕಿಟಕಿಗಳನ್ನು ತಗಡಿನಿಂದ ಮುಚ್ಚಿ ಸರಕು ಸಾಗಣೆಗೆ ಅಣಿಗೊಳಿಸುವುದು ಇವೆಲ್ಲ ನಮ್ಮ ಗ್ಯಾರೇಜುಗಳಲ್ಲಿ ಒಟ್ಟಿಗೇ ನಡೆಯುತ್ತವೆ. ಬಣ್ಣದ ವಿಷಯದಲ್ಲಿ ಕಾನೂನು ತೋರುವ ಔದಾರ್ಯ ಈ ಕೆಲಸಗಳಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಮಾಲೀಕರು ಅರಿಯಬೇಕು.

ಎಲ್ಲ ಬಣ್ಣಗಳೂ ಎಲ್ಲರಿಗೂ ಮುಕ್ತವಲ್ಲ ಎಂಬುದೂ ಗಮನಾರ್ಹ. ಸೇನಾ ವಾಹನಗಳ ಆಲಿವ್ ಹಸಿರನ್ನು ರಕ್ಷಣಾ ಇಲಾಖೆಗೆ ಸೇರದ ಯಾವುದೇ ವಾಹನಕ್ಕೆ ಬಳಿಯುವಂತಿಲ್ಲವೆಂದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮ ಹೇಳುತ್ತದೆ. ಗಟ್ಟಿಮುಟ್ಟಾದ ವಾಹನಕ್ಕೆ ಆ ಬಣ್ಣವೇ ಚೆಂದವೆಂದು ಭಾವಿಸುವ ಯುವಕರಿಗೆ ಈ ನಿಯಮದ ಪರಿಚಯವೇ ಇರುವುದಿಲ್ಲ. ಶಾಲಾ ವಾಹನವೆಂದರೆ ಹಳದಿ. ಮಕ್ಕಳನ್ನು ಕರೆದೊಯ್ಯುವ ವಾಹನಗಳಿಗಾಗಿ ಕರ್ನಾಟಕ 2012ರಲ್ಲಿಯೇ ಪ್ರತ್ಯೇಕ ನಿಯಮಾವಳಿಯನ್ನು ರೂಪಿಸಿದೆ. ರೆಡ್‌ಕ್ರಾಸ್ ಲಾಂಛನವನ್ನು ಸರ್ಕಾರದ ಅಧಿಕಾರವಿಲ್ಲದೆ ಬಳಸುವುದನ್ನು ಜಿನೀವಾ ಒಪ್ಪಂದಗಳ ಕಾಯ್ದೆ, 1960 ನಿಷೇಧಿಸುತ್ತದೆ. ಹೀಗಿದ್ದೂ ಆಂಬುಲೆನ್ಸ್ ಆಗಿ ದುಡಿದು ಮಾರಾಟವಾದ ಹಳೆಯ ವ್ಯಾನುಗಳು ಮೈಮೇಲೆ ಕೆಂಪು ಪಟ್ಟಿಯ ಗುರುತನ್ನು ಉಳಿಸಿಕೊಂಡೇ ಸರಕು ಹೊತ್ತು ತಿರುಗುವುದುಂಟು.

ಇಂಥ ಬಣ್ಣಗಳನ್ನು ಅಲಂಕಾರವೆಂದು ಎಣಿಸುವಂತಿಲ್ಲ. ಅವು ಸಮಾಜಕ್ಕೆ ಕೊಟ್ಟ ಮಾತು. ಹಳದಿ ವ್ಯಾನ್ ಕಂಡಾಗ ಹಿಂದಿನ ವಾಹನದವರು ವೇಗ ತಗ್ಗಿಸುವುದು, ತಾಯಿಯೊಬ್ಬಳು ಮಗುವನ್ನು ನಿಶ್ಚಿಂತೆಯಿಂದ ಹತ್ತಿಸುವುದು ಆ ಮಾತಿನ ಮೇಲಿನ ನಂಬಿಕೆಯಿಂದ. ಖಾಸಗಿ ನೋಂದಣಿಯ ವ್ಯಾನಿಗೆ ಹಳದಿ ಬಳಿದು, ಪರವಾನಗಿಯನ್ನಾಗಲಿ ಅರ್ಹತಾ ಪ್ರಮಾಣಪತ್ರವನ್ನಾಗಲಿ ಪಡೆಯದೆ ಹತ್ತು ಹನ್ನೆರಡು ಮಕ್ಕಳನ್ನು ತುಂಬಿಕೊಂಡು ಹೋಗುವವನು ಆ ನಂಬಿಕೆಯನ್ನೇ ವಂಚಿಸುತ್ತಾನೆ. ಮೇಲೆ ಬಸಪ್ಪ, ಒಳಗೆ ವಿಷಪ್ಪ ಎಂಬ ಗಾದೆ ಇಂಥವರಿಗಾಗಿಯೇ ಹುಟ್ಟಿದಂತಿದೆ. ವೈಟ್ ಬೋರ್ಡ್ ವಾಹನಗಳಲ್ಲಿ ಮಕ್ಕಳ ಸಾಗಣೆಯ ವಿರುದ್ಧ ಶಾಲೆಗಳು ಪುನರಾರಂಭವಾಗುವ ಹೊತ್ತಿಗೆ ಆಗಾಗ ಕಾರ್ಯಾಚರಣೆ ನಡೆಯುತ್ತದೆ. ಕೆಲವು ವಾರಗಳಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ.

ನೆರೆಯ ಕೇರಳದ ಅನುಭವವೂ ಇದೇ. ಪ್ರವಾಸಿ ಬಸ್ಸುಗಳ ಕಣ್ಣು ಕುಕ್ಕುವ ಚಿತ್ತಾರಗಳಿಗೆ ಕಡಿವಾಣ ಹಾಕಲು ಆ ರಾಜ್ಯ 2022ರಲ್ಲಿ ಬಿಳಿ ಬಣ್ಣವನ್ನು ಕಡ್ಡಾಯಗೊಳಿಸಿತು. ಆದೇಶ ಬಿಗಿಯಾಗಿ ಜಾರಿಯಾದದ್ದು ಮಾತ್ರ ಆ ವರ್ಷದ ಅಕ್ಟೋಬರಿನಲ್ಲಿ ಪಾಲಕ್ಕಾಡ್ ಜಿಲ್ಲೆಯ ವಡಕ್ಕಂಚೇರಿ ಬಳಿ ಶಾಲಾ ಪ್ರವಾಸದ ಬಸ್ಸೊಂದು ಸರ್ಕಾರಿ ಬಸ್ಸಿಗೆ ಅಪ್ಪಳಿಸಿ ವಿದ್ಯಾರ್ಥಿಗಳೂ ಸೇರಿ ಒಂಬತ್ತು ಮಂದಿ ಸತ್ತ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಅಭ್ಯಾಸ ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲ.

ಬಣ್ಣವನ್ನು ದಾಖಲೆಯಲ್ಲಿ ನಮೂದಿಸುವುದರ ಹಿಂದೆ ಸರಳವಾದ ತರ್ಕವಿದೆ. ವಾಹನದ ನಿಜವಾದ ಗುರುತು ಎಂಜಿನ್ ಮತ್ತು ಚಾಸಿಗಳ ಸಂಖ್ಯೆಯಲ್ಲಿದೆ. ಆದರೆ ಅವು ಕಣ್ಣಿಗೆ ಕಾಣುವಂಥವಲ್ಲ. ದಾರಿಹೋಕ ಸಾಕ್ಷಿಗೆ ನೆನಪಿನಲ್ಲಿ ಉಳಿಯುವುದು ಬಣ್ಣ, ಮಾದರಿ ಮತ್ತು ಸಂಖ್ಯಾಫಲಕದ ಕೊನೆಯ ಒಂದೆರಡು ಅಂಕಿಗಳು. ನಮ್ಮ ಚಲನಚಿತ್ರಗಳಲ್ಲಿ ಅಪಹರಣವೆಂದರೆ ಒಂದು ಓಮ್ನಿ ವ್ಯಾನ್ ಬಂದು ನಿಲ್ಲಲೇಬೇಕೆಂಬ ಕಾಲವೊಂದಿತ್ತು. 1984ರಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಆ ವಾಹನ ಒಂದೇ ಅಚ್ಚಿನಲ್ಲಿ ಅದೆಷ್ಟು ರಸ್ತೆಗಿಳಿಯಿತೆಂದರೆ, ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಬಣ್ಣವೇ ಆಧಾರವಾಗಿತ್ತು. ಈಗ ರಸ್ತೆ ರಸ್ತೆಯಲ್ಲಿ ಕ್ಯಾಮೆರಾಗಳಿವೆ. ದಂಡದ ಚೀಟಿ ಮೊಬೈಲಿಗೇ ಬರುತ್ತದೆ. ಯಾರೋ ನಿಮ್ಮ ವಾಹನದ ಸಂಖ್ಯೆಯನ್ನು ನಕಲು ಮಾಡಿ ತಿರುಗುತ್ತಿದ್ದರೆ, ಚಿತ್ರದಲ್ಲಿರುವ ವ್ಯಾನ್ ತಮ್ಮದಲ್ಲವೆಂದು ತೋರಿಸಲು ನೀವು ಆಶ್ರಯಿಸಬೇಕಾದದ್ದು ದಾಖಲೆಯಲ್ಲಿರುವ ಬಣ್ಣವನ್ನೇ. ಆ ದಾಖಲೆಯೇ ಸುಳ್ಳಾಗಿದ್ದರೆ ನಿಮ್ಮ ವಾದಕ್ಕೆ ಬಲವೆಲ್ಲಿಂದ ಬರಬೇಕು?

ಇನ್ನು ವಿಮೆಯ ಮಾತು. ವಾಹನ ವಿಮೆಯ ಕಂತನ್ನು ಲೆಕ್ಕ ಹಾಕುವಾಗ ಬಣ್ಣ ಪರಿಗಣನೆಗೆ ಬರುವುದಿಲ್ಲ. ಖಾಸಗಿ ವಾಹನವಾದರೆ ಎಂಜಿನ್ನಿನ ಗಾತ್ರ, ವಾಹನದ ವಯಸ್ಸು, ನೋಂದಣಿಯಾದ ವಲಯ ಮತ್ತು ವಿಮಾಕೃತ ಘೋಷಿತ ಮೌಲ್ಯ. ಸರಕು ವಾಹನವಾದರೆ ಒಟ್ಟು ತೂಕ. ಪ್ರಯಾಣಿಕರ ವಾಹನವಾದರೆ ಆಸನಗಳ ಸಂಖ್ಯೆ: ಸಾಂಪ್ರದಾಯಿಕ ಅಳತೆಗೋಲುಗಳು ಇವೇ. ಬಿಳಿಗೆ ಕಡಿಮೆ, ಕೆಂಪಿಗೆ ಹೆಚ್ಚು ಎಂಬುದು ಬರೀ ಊಹಾಪೋಹ. ಅಪಘಾತದಲ್ಲಿ ಗಾಯಗೊಂಡ ಅಥವಾ ಮೃತಪಟ್ಟ ಮೂರನೇ ವ್ಯಕ್ತಿಯ ಪರಿಹಾರದ ವಿಷಯದಲ್ಲಂತೂ ಕಂಪನಿ ಎತ್ತಬಹುದಾದ ಆಕ್ಷೇಪಗಳನ್ನು ಕಾಯ್ದೆಯೇ ಎಣಿಸಿ ಇಟ್ಟಿದೆ. ಪರವಾನಗಿಯಿಲ್ಲದೆ ಬಾಡಿಗೆಗೆ ಓಡಿಸುವುದು, ಚಾಲನಾ ಪರವಾನಗಿ ಇಲ್ಲದ ಚಾಲಕ, ಮಹತ್ವದ ಸಂಗತಿಯನ್ನು ಮರೆಮಾಚಿ ಪಡೆದ ಪಾಲಿಸಿ ಮುಂತಾದವು ಆ ಪಟ್ಟಿಯಲ್ಲಿವೆ. ಬಣ್ಣ ಆ ಪಟ್ಟಿಯಲ್ಲಿಲ್ಲ.

ಅಪಾಯ ಇರುವುದು ಬಣ್ಣದ ಹಿಂದೆ ಅಡಗಿರುವ ಬಳಕೆಯಲ್ಲಿ. ವ್ಯಾನಿಗೆ ಹೊಸ ಬಣ್ಣ ಬಂತೆಂದರೆ ಬಹುತೇಕ ಸಂದರ್ಭಗಳಲ್ಲಿ ಅದರ ಉದ್ಯೋಗವೂ ಬದಲಾಗಿದೆ ಎಂದೇ ಅರ್ಥ. ಖಾಸಗಿ ವಾಹನದ ಪಾಲಿಸಿಯಲ್ಲಿ ಬಳಕೆಯ ಮಿತಿಗಳೆಂಬ ಭಾಗವಿರುತ್ತದೆ. ಬಾಡಿಗೆಗೆ ಓಡಿಸುವುದಷ್ಟೇ ಅಲ್ಲ, ಸ್ವಂತ ಸಾಮಾನು ಮತ್ತು ಮಾದರಿ ವಸ್ತುಗಳನ್ನು ಬಿಟ್ಟು ಬೇರೆ ಸರಕನ್ನು ಸಾಗಿಸುವುದೂ ಆ ಮಿತಿಯ ಹೊರಗೆ ಬೀಳುತ್ತದೆ. ಅಂಗಡಿಯ ಹೆಸರು ಬರೆಸಿ, ಕಡುಕೆಂಪು ಬಳಿದು, ದಿನವೂ ಸರಕು ಹೊತ್ತು ತಿರುಗುವ ವ್ಯಾನ್ ಖಾಸಗಿ ಪಾಲಿಸಿಯ ನೆರಳಿನಲ್ಲಿದ್ದರೆ, ಆ ಬಣ್ಣವೇ ಸಮೀಕ್ಷಕನ ಮುಂದೆ ಮೊದಲ ಸಾಕ್ಷ್ಯವಾಗುತ್ತದೆ. ಬಣ್ಣ ಬಯಲಾಗುವುದು ಎಂಬ ನುಡಿಗಟ್ಟು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ನ್ಯಾಯಾಲಯಗಳು ಈ ವಿಷಯದಲ್ಲಿ ಒಂದು ಮಧ್ಯಮ ಮಾರ್ಗವನ್ನು ಹಿಡಿದಿವೆ. ಖಾಸಗಿಯೆಂದು ವಿಮೆ ಮಾಡಿಸಿದ ವಾಹನವನ್ನು ಟ್ಯಾಕ್ಸಿಯಾಗಿ ಓಡಿಸುತ್ತಿದ್ದಾಗ ಅದು ಕಳವಾದ ಪ್ರಕರಣದಲ್ಲಿ, ಕಂಪನಿ ಪೂರ್ತಿ ಕೈ ಚೆಲ್ಲುವಂತಿಲ್ಲ, ಶೇ 75ರಷ್ಟನ್ನು ಕೊಡಬೇಕು ಎಂಬ ಗ್ರಾಹಕ ಆಯೋಗದ ನಿಲುವನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಎತ್ತಿಹಿಡಿಯಿತು. ಬಾಡಿಗೆಗೆ ಕೊಟ್ಟ ವಾಹನ ಅಪಘಾತಕ್ಕೀಡಾದ ಇನ್ನೊಂದು ಪ್ರಕರಣದಲ್ಲೂ 2010ರಲ್ಲಿ ಅದೇ ಜಾಡನ್ನು ಅನುಸರಿಸಿತು. ಮಾಲೀಕನಿಗೆ ಇದು ಸಮಾಧಾನದ ಸಂಗತಿ ಎನಿಸಬಹುದು. ಆದರೆ ಆ ಮುಕ್ಕಾಲು ಭಾಗಕ್ಕಾಗಿ ಗ್ರಾಹಕ ವೇದಿಕೆಯಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಅಲೆಯಬೇಕಾಯಿತು ಎಂಬುದನ್ನು ಮರೆಯಬಾರದು.

ಮೂರನೇ ವ್ಯಕ್ತಿಯ ಪರಿಹಾರದಲ್ಲಿ ಪರಿಣಾಮ ಇನ್ನೂ ಕಠೋರ. ಪರವಾನಗಿಯಿಲ್ಲದೆ ಓಡುತ್ತಿದ್ದ ವಾಹನದಿಂದ ಸಾವು ಸಂಭವಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಮೂಲಭೂತ ಉಲ್ಲಂಘನೆ ಎಂದು ಕರೆದು, ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಟ್ಟು ಬಳಿಕ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು ಎಂದಿತು. ನೊಂದ ಕುಟುಂಬಕ್ಕೆ ಇದರಿಂದ ನ್ಯಾಯ ಸಿಗುತ್ತದೆ, ಅದು ಸರಿಯೇ. ಆದರೆ ಲಕ್ಷಾಂತರ ರೂಪಾಯಿಯ ವಸೂಲಿ ಆದೇಶ ಬಂದು ಬೀಳುವುದು ಒಂದು ವ್ಯಾನನ್ನೇ ನೆಚ್ಚಿಕೊಂಡ ಮನುಷ್ಯನ ತಲೆಯ ಮೇಲೆ. ಮನೆ ಮಾರಿದರೂ ತೀರದ ಆ ಸಾಲದ ಮುಂದೆ ಪರವಾನಗಿ ಪಡೆಯಲು ಆಗುತ್ತಿದ್ದ ಖರ್ಚು ಲೆಕ್ಕಕ್ಕೇ ಬಾರದು.

ಬಣ್ಣದ ಖರ್ಚಿನ ಬಗೆಗೂ ತಪ್ಪು ನಿರೀಕ್ಷೆಗಳಿವೆ. ಸಮಗ್ರ ವಿಮೆ ಇದ್ದರೆ ಮಾಸಿದ ಬಣ್ಣವನ್ನು ಹೊಸದಾಗಿಸಿಕೊಳ್ಳಬಹುದು ಎಂದು ನಂಬಿದವರಿದ್ದಾರೆ. ಬಿಸಿಲಿಗೆ ಬಿಳಿಚುವುದು, ತುಕ್ಕು ಹಿಡಿಯುವುದು ಸಹಜ ಸವೆತ. ಅದಕ್ಕೆ ವಿಮೆಯ ರಕ್ಷಣೆಯಿಲ್ಲ. ಅಪಘಾತದಿಂದ ಹಾನಿಯಾದ ಭಾಗಕ್ಕೆ ಬಣ್ಣ ಹೊಡೆಸಿದಾಗ ಪರಿಹಾರ ಸಿಗುತ್ತದಾದರೂ ಅಲ್ಲಿಯೂ ಸವಕಳಿಯ ಲೆಕ್ಕವಿದೆ. ಬಣ್ಣದ ಸಾಮಗ್ರಿಯ ಬೆಲೆಯ ಮೇಲೆ ಶೇ 50ರಷ್ಟು ಕಡಿತವಾಗುತ್ತದೆ; ಕೂಲಿಯ ಮೇಲೆ ಇಲ್ಲ. ಗ್ಯಾರೇಜಿನವರು ಎರಡನ್ನೂ ಸೇರಿಸಿ ಒಂದೇ ಬಿಲ್ ಕೊಟ್ಟರೆ ಅದರ ಶೇ 25 ಭಾಗವನ್ನು ಸಾಮಗ್ರಿಯೆಂದು ಪರಿಗಣಿಸಲಾಗುತ್ತದೆ. ಬಣ್ಣಕ್ಕೆಂದು 40,000 ರೂಪಾಯಿಯ ಒಟ್ಟು ಬಿಲ್ ಬಂದರೆ ಸಾಮಗ್ರಿ 10,000, ಕಡಿತ 5,000. ಇದರ ಜೊತೆಗೆ ಪಾಲಿಸಿಯಲ್ಲಿರುವ ಕಡ್ಡಾಯ ಕಡಿತವೂ ಸೇರುತ್ತದೆ. ಈ ಲೆಕ್ಕ ತಿಳಿದಿದ್ದರೆ ಬಿಲ್ ನೋಡಿದಾಗ ಕಂಪನಿ ಮೋಸ ಮಾಡಿತೆಂಬ ಅನುಮಾನವೂ ಬಾರದು, ನಿಜವಾಗಿ ಹೆಚ್ಚು ಕಡಿತ ಮಾಡಿದ್ದರೆ ಪ್ರಶ್ನಿಸುವ ಧೈರ್ಯವೂ ಬರುತ್ತದೆ.

ಅದೇ ರೀತಿ, ದುಬಾರಿ ಬಣ್ಣ ಬಳಿಸಿದ ಮಾತ್ರಕ್ಕೆ ವಾಹನದ ವಿಮಾ ಮೌಲ್ಯ ಏರುವುದಿಲ್ಲ. ಆ ಮೌಲ್ಯ ತಯಾರಕರು ಪ್ರಕಟಿಸಿದ ಮಾರಾಟ ಬೆಲೆಯಿಂದ ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆದು ಬರುವಂಥದ್ದು. ನಾಲ್ಕು ವರ್ಷ ದಾಟಿ ಐದರೊಳಗಿರುವ ವಾಹನಕ್ಕೆ ಆ ಸವಕಳಿ ಶೇ 50. ಐದು ವರ್ಷ ದಾಟಿದರೆ ಮಾಲೀಕ ಮತ್ತು ಕಂಪನಿ ಮಾತನಾಡಿಕೊಂಡು ಮೌಲ್ಯವನ್ನು ನಿರ್ಧರಿಸುತ್ತಾರೆ. ಹಳೆಯ ವ್ಯಾನಿನ ದುರಸ್ತಿಗೂ ಬಣ್ಣಕ್ಕೂ ದೊಡ್ಡ ಮೊತ್ತ ಸುರಿದವರು ಬಿಲ್ಲುಗಳನ್ನು ಜೋಪಾನವಾಗಿಟ್ಟು, ನವೀಕರಣದ ಹೊತ್ತಿಗೆ ಅವುಗಳನ್ನು ಮುಂದಿಟ್ಟು ಮಾತನಾಡುವುದು ಲೇಸು. ಕಳವಾದ ಮೇಲೆ ತೋರಿಸುವ ಬಿಲ್ಲಿಗೆ ಬೆಲೆ ಕಡಿಮೆ.

ಸಾಲದ ವಿಷಯವನ್ನು ಹಲವರು ಗಮನಿಸುವುದಿಲ್ಲ. ಬಾಡಿಗೆ ಖರೀದಿ ಕರಾರಿನ ಮೇಲೆ ಪಡೆದ ವಾಹನವನ್ನು ನೋಂದಾಯಿತ ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಮಾರ್ಪಡಿಸುವಂತಿಲ್ಲ ಎಂದು 52ನೇ ಸೆಕ್ಷನ್ ಹೇಳುತ್ತದೆ. ಬ್ಯಾಂಕಿಗೆ ಅಡಮಾನವಾಗಿರುವ ವಾಹನದ ದಾಖಲೆ ಬದಲಿಸುವ ಮುನ್ನ ಆ ಬ್ಯಾಂಕಿನ ಒಪ್ಪಿಗೆ ಪತ್ರವನ್ನು ಪಡೆಯುವುದು ವಿವೇಕ. ಹಳೆಯ ವ್ಯಾನ್ ಕೊಳ್ಳುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಮಾಲೀಕತ್ವ ಬದಲಾದ 14 ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ಕೊಂಡವರು ಅರ್ಜಿ ಸಲ್ಲಿಸಬೇಕೆಂದು ಕಾಯ್ದೆಯ 157ನೇ ಸೆಕ್ಷನ್ ಹೇಳುತ್ತದೆ. ಹೊಸ ಮಾಲೀಕ, ಹೊಸ ಬಣ್ಣ, ಹೊಸ ಉದ್ಯೋಗ, ಆದರೆ ಹಳೆಯ ಹೆಸರಿನ ಹಳೆಯ ಪಾಲಿಸಿ: ನಮ್ಮ ರಸ್ತೆಗಳಲ್ಲಿ ಓಡುವ ಎಷ್ಟೋ ವ್ಯಾನುಗಳ ಸ್ಥಿತಿ ಇದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆಯನ್ನು ಸರ್ಕಾರದ ಮುಂದೆಯೂ ಇಡಬೇಕು. ಪ್ರಾಮಾಣಿಕವಾಗಿ ಬಣ್ಣದ ಬದಲಾವಣೆಯನ್ನು ತಿಳಿಸಲು ಹೊರಟ ಮಾಲೀಕನಿಗೆ ದಾರಿ ಸುಗಮವಾಗಿದೆಯೇ? ಅರ್ಜಿ, ಪ್ರತಿಗಳು, ಒಪ್ಪಿಗೆ ಪತ್ರ, ತಪಾಸಣೆ ಎಂದು ಒಂದೆರಡು ದಿನದ ದುಡಿಮೆಯನ್ನು ಬಿಡಬೇಕು. ಜಾಲತಾಣದ ಮೂಲಕ ಅರ್ಜಿ ತುಂಬುವ ಸೌಲಭ್ಯ ಬಂದಿದ್ದರೂ ವಾಹನವನ್ನು ಕಚೇರಿಗೆ ಒಯ್ಯುವುದು ತಪ್ಪಿಲ್ಲ. ಕಚೇರಿಯ ಹೊರಗೆ ಮಧ್ಯವರ್ತಿ ಕಾದಿರುತ್ತಾನೆ. ಕಾಯ್ದೆಯ ಒಂದು ಸಾಲು ನಿಷೇಧಿಸಿದಂತೆಯೂ ಇನ್ನೊಂದು ಸಾಲು ಬಿಟ್ಟುಕೊಟ್ಟಂತೆಯೂ ತೋರುವ ಕಡೆ ಮಧ್ಯವರ್ತಿಗೆ ಸುಗ್ಗಿ. ಹೇಳಿದರೆ ಅಲೆದಾಟ, ಹೇಳದಿದ್ದರೆ ಯಾರೂ ಕೇಳುವುದಿಲ್ಲ ಎಂಬಲ್ಲಿ ಜನ ಎರಡನೆಯದನ್ನು ಆರಿಸಿಕೊಂಡರೆ ಅವರನ್ನೇ ದೂಷಿಸುವುದು ಪೂರ್ಣ ನ್ಯಾಯವಾಗದು.

ಪರಿಹಾರ ಕಠಿಣವಲ್ಲ. ಬಣ್ಣಗಳನ್ನು ಎರಡು ವರ್ಗವಾಗಿ ನೋಡಬೇಕು. ಕೇವಲ ಅಭಿರುಚಿಗೆ ಸಂಬಂಧಿಸಿದ ಬದಲಾವಣೆಗೆ ಅನುಮತಿಯ ಬದಲು ಮಾಹಿತಿ ನೀಡಿದರೆ ಸಾಕೆಂದು ನಿಯಮ ಸ್ಪಷ್ಟವಾಗಿ ಹೇಳಲಿ. ಮಾಲೀಕ ನಾಲ್ಕು ಬದಿಯ ಛಾಯಾಚಿತ್ರಗಳನ್ನೂ ಚಾಸಿ ಸಂಖ್ಯೆಯ ಚಿತ್ರವನ್ನೂ ಕಳಿಸಿ, ಸಣ್ಣ ಶುಲ್ಕ ಕಟ್ಟಿದೊಡನೆ ದಾಖಲೆ ಬದಲಾಗಲಿ. ವಾಹನಗಳ ವಿವರ ಈಗ ರಾಷ್ಟ್ರಮಟ್ಟದ ಗಣಕ ಜಾಲದಲ್ಲಿರುವುದರಿಂದ ಅದು ವಿಮಾ ಕಂಪನಿಗೂ ತಾನೇ ತಾನಾಗಿ ತಲುಪುವಂತೆ ಮಾಡುವುದು ಅಸಾಧ್ಯವೇನಲ್ಲ. ಶಾಲಾ ಹಳದಿ, ಆಂಬುಲೆನ್ಸ್ ಗುರುತು, ಪೊಲೀಸ್ ಮತ್ತು ಸೇನೆಯ ಬಣ್ಣಗಳಂಥ ಸೇವೆಯ ಬಣ್ಣಗಳಿಗೆ ಮಾತ್ರ ಮುನ್ನನುಮತಿ ಕಡ್ಡಾಯವಾಗಿರಲಿ. ಅಷ್ಟೇ ಅಲ್ಲ, ಆ ಸೇವೆಯಿಂದ ನಿವೃತ್ತವಾದ ವಾಹನದ ಬಣ್ಣ ಮತ್ತು ಗುರುತುಗಳನ್ನು ಅಳಿಸಿದ ನಂತರವೇ ಮಾಲೀಕತ್ವ ವರ್ಗಾವಣೆ ಆಗುವಂತೆ ನೋಡಿಕೊಳ್ಳಲಿ.

ಹೀಗೆ ಸಡಿಲಿಸಿದರೆ ಕಳ್ಳರಿಗೆ ಅನುಕೂಲವಾಗದೇ ಎಂದು ಕೇಳಬಹುದು. ಕದ್ದ ವ್ಯಾನಿಗೆ ಬಣ್ಣ ಬಳಿಯುವವನು ಯಾವ ಕಾಲಕ್ಕೂ ಅರ್ಜಿ ಹಾಕುವವನಲ್ಲ. ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವ ಜಾತಿ ಅದು. ಕಠಿಣ ವಿಧಾನದಿಂದ ತೊಂದರೆಗೀಡಾಗುವವರು ಪ್ರಾಮಾಣಿಕರು ಮಾತ್ರ. ಪ್ರಾಮಾಣಿಕರ ದಾಖಲೆಗಳೆಲ್ಲ ಸರಿಯಾಗಿದ್ದರೆ, ದಾಖಲೆಗೆ ಹೊಂದದ ಬಣ್ಣದ ವಾಹನ ಪೊಲೀಸರ ಕಣ್ಣಿಗೆ ಬೇಗ ಬೀಳುತ್ತದೆ. ಇಂದು ಹೊಂದದ ವಾಹನಗಳೇ ಎಲ್ಲೆಡೆ ಇರುವುದರಿಂದ ಆ ಸುಳಿವಿಗೆ ಬೆಲೆಯೇ ಇಲ್ಲದಂತಾಗಿದೆ.

ವಿಮಾ ಕಂಪನಿಗಳ ಹೊಣೆಯೂ ಸಣ್ಣದಲ್ಲ. ಕಂತು ಕಟ್ಟಿಸಿಕೊಳ್ಳುವಾಗ ಪುಟಗಟ್ಟಲೆ ಷರತ್ತುಗಳನ್ನು ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಕೈಗಿಡುವ ಬದಲು, ಬಳಕೆ ಬದಲಾದರೆ, ಮಾಲೀಕರು ಬದಲಾದರೆ, ರಚನೆ ಅಥವಾ ಬಣ್ಣ ಬದಲಾದರೆ ತಮಗೆ ತಿಳಿಸಬೇಕೆಂಬ ನಾಲ್ಕು ಸಾಲುಗಳನ್ನು ಮೊದಲ ಪುಟದಲ್ಲಿಯೇ ಕನ್ನಡದಲ್ಲಿ ಮುದ್ರಿಸಬಾರದೇಕೆ? ನವೀಕರಣದ ಹೊತ್ತಿಗೆ ಈ ಪ್ರಶ್ನೆಗಳನ್ನು ಕೇಳಿ ಉತ್ತರ ಬರೆಸಿಕೊಂಡರೆ ಮುಂದಿನ ಎಷ್ಟೋ ವ್ಯಾಜ್ಯಗಳು ಹುಟ್ಟುವುದೇ ಇಲ್ಲ. ಬರೀ ಬಣ್ಣದ ವ್ಯತ್ಯಾಸವನ್ನೇ ನೆಪವಾಗಿಸಿ ಯಾವುದಾದರೂ ಕಂಪನಿ ಪರಿಹಾರವನ್ನು ನಿರಾಕರಿಸಿದರೆ, ಅಪಘಾತಕ್ಕೂ ಬಣ್ಣಕ್ಕೂ ಏನು ಸಂಬಂಧವೆಂದು ಲಿಖಿತವಾಗಿ ಕೇಳುವ ಹಕ್ಕು ಪಾಲಿಸಿದಾರರಿಗಿದೆ. ಕಂಪನಿಯ ಉತ್ತರ ತೃಪ್ತಿಕರವಲ್ಲದಿದ್ದರೆ ಅಥವಾ ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ನೀಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬೆಂಗಳೂರಿನಲ್ಲಿಯೇ ಕಚೇರಿಯಿದೆ.

ಮಾಲೀಕರಿಗೆ ಹೇಳಬೇಕಾದದ್ದು ಸ್ವಲ್ಪವೇ. ಬಣ್ಣ ಆರಿಸುವ ಮುನ್ನ ಅದು ನಿಷಿದ್ಧ ಪಟ್ಟಿಯಲ್ಲಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಸಾಲವಿದ್ದರೆ ಬ್ಯಾಂಕಿನಿಂದ ಪತ್ರ ಪಡೆಯಿರಿ. ಸಾರಿಗೆ ಕಚೇರಿಗೆ ಮೊದಲು ಅರ್ಜಿ, ಗ್ಯಾರೇಜಿಗೆ ಆಮೇಲೆ ವಾಹನ. ಬಣ್ಣ ಹೊಡೆಯುವವರು ಚಾಸಿ ಸಂಖ್ಯೆಯ ಮೇಲೂ ಬೆಳಕು ಪ್ರತಿಫಲಿಸುವ ಪಟ್ಟಿಗಳ ಮೇಲೂ ಬಣ್ಣ ಬಳಿಯದಂತೆ ನಿಂತು ನೋಡಿ. ಸಾಮಗ್ರಿಗೂ ಕೂಲಿಗೂ ಬೇರೆ ಬೇರೆ ಬಿಲ್ ಕೇಳಿ. ತಿದ್ದಿದ ನೋಂದಣಿ ಪತ್ರದ ಪ್ರತಿಯನ್ನು ವಿಮಾ ಕಂಪನಿಗೆ ಕಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ವ್ಯಾನಿನ ಉದ್ಯೋಗ ಬದಲಾಗಿದ್ದರೆ ಪರವಾನಗಿ ಮತ್ತು ಪಾಲಿಸಿಗಳು ಬಣ್ಣಕ್ಕಿಂತ ಮೊದಲು ಬದಲಾಗಲಿ.

ಶಾಲೆಗೆ ಮಕ್ಕಳನ್ನು ಕಳಿಸುವ ಪೋಷಕರಿಗೂ ಒಂದು ಮಾತು. ವ್ಯಾನಿನ ತಿಂಗಳ ಬಾಡಿಗೆಯನ್ನು ಚೌಕಾಸಿ ಮಾಡುವ ನಾವು ಅದರ ನೋಂದಣಿ ಪತ್ರವನ್ನೂ ವಿಮೆಯನ್ನೂ ತೋರಿಸಿ ಎಂದು ಎಷ್ಟು ಬಾರಿ ಕೇಳಿದ್ದೇವೆ? ಹಳದಿ ಬಣ್ಣವನ್ನು ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದು. ಆ ಬಣ್ಣ ಕೊಡುವ ಭರವಸೆಗೆ ಆಧಾರವಾಗಿರುವುದು ಪರವಾನಗಿ, ಅರ್ಹತಾ ಪ್ರಮಾಣಪತ್ರ ಮತ್ತು ಚಾಲ್ತಿಯಲ್ಲಿರುವ ವಿಮೆ. ಈ ಮೂರನ್ನು ನೋಡಲು ಐದು ನಿಮಿಷ ಸಾಕು. ಮುಂದಿನ ಶೈಕ್ಷಣಿಕ ವರ್ಷದ ಮೊದಲ ದಿನವೇ ಅದನ್ನು ಕೇಳುವ ರೂಢಿ ನಮ್ಮಲ್ಲಿ ಬೆಳೆಯಬೇಕು.